ಬ್ಯಾಟರಿ ನೀರು, ಕುಡಿಯುವ ನೀರು: ಇವುಗಳಲ್ಲಿ ಶುದ್ಧ ಯಾವುದು?

ನಮ್ಮ ಅಡುಗೆಮನೆಯ ಮೂಲೆಯಲ್ಲಿ 20 ಲೀಟರಿನ ಕುಡಿಯುವ ನೀರಿನ ಕ್ಯಾನ್ ಇದೆ. ಯುಪಿಎಸ್ ಪಕ್ಕದಲ್ಲಿ 5 ಲೀಟರಿನ ಇನ್ನೊಂದು ಕ್ಯಾನ್ ಇದೆ. ಅದರಲ್ಲಿರುವುದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಎರಡನ್ನೂ ಲೋಟಕ್ಕೆ ಬಗ್ಗಿಸಿಟ್ಟರೆ ಯಾವುದು ಯಾವುದೆಂದು ಹೇಳಲು ಆಗುವುದಿಲ್ಲ. ಎರಡೂ ತಿಳಿಯಾಗಿವೆ. ಬಣ್ಣವಿಲ್ಲ, ವಾಸನೆಯಿಲ್ಲ.

ಒಂಬತ್ತನೇ ಕ್ಲಾಸು ಓದುವ ಅಕ್ಕನ ಮಗಳು ರಜೆಗೆ ಬಂದಿದ್ದಳು. ಕೈಯಲ್ಲಿ ವಿಜ್ಞಾನದ ಪುಸ್ತಕ. “ಚಿಕ್ಕಮ್ಮ, ಇವೆರಡರಲ್ಲಿ ಶುದ್ಧ ವಸ್ತು ಯಾವುದು?” ಎಂದು ಕೇಳಿದಳು. “ಬ್ಯಾಟರಿ ನೀರು” ಎಂದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. “ಕುಡಿಯೋ ಕ್ಯಾನಿನ ಮೇಲೆ ಶುದ್ಧ ಅಂತ ದೊಡ್ಡದಾಗಿ ಬರೆದಿದ್ದಾರಲ್ಲ. ಬ್ಯಾಟರಿಗೆ ಹಾಕೋದನ್ನ ಯಾರಾದ್ರೂ ಕುಡೀತಾರಾ?”

ಅವಳ ಪ್ರಶ್ನೆ ನ್ಯಾಯವಾದದ್ದೇ. ರಸಾಯನಶಾಸ್ತ್ರದ ಮೊದಲ ಪಾಠದಲ್ಲೇ ಮಕ್ಕಳು ಎಡವುವುದು ಇಲ್ಲಿ. ಪಾಠ ಕಷ್ಟವೆಂದಲ್ಲ. ಮನೆಯಲ್ಲಿ ದಿನವೂ ಕೇಳುವ ಒಂದು ಮಾತಿಗೆ ಪುಸ್ತಕದಲ್ಲಿ ಬೇರೆಯೇ ಅರ್ಥ ಇದೆ, ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

‘ಶುದ್ಧ’ ಎನ್ನುವ ಒಂದೇ ಮಾತಿನ ಮೇಲೆ ನಾವು ನಾಲ್ಕಾರು ಹೊರೆ ಹೊರಿಸಿದ್ದೇವೆ. ಶುದ್ಧ ತುಪ್ಪ ಎಂದರೆ ಡಾಲ್ಡಾ ಸೇರಿಸದ ತುಪ್ಪ. ಶುದ್ಧ ನೀರು ಎಂದರೆ ಕುಡಿದರೆ ಹೊಟ್ಟೆ ಕೆಡದ ನೀರು. ಶುದ್ಧ ಗಾಳಿ ಎಂದರೆ ಹೊಗೆ, ಧೂಳು ಇಲ್ಲದ ಗಾಳಿ. ಇವು ಯಾವುವೂ ರಸಾಯನಶಾಸ್ತ್ರದ ಶುದ್ಧ ಅಲ್ಲ. ಅಲ್ಲಿ ಶುದ್ಧ ಎಂದರೆ ಒಂದೇ ಒಂದು ವಸ್ತು, ಅದರ ಜೊತೆ ಬೇರೇನೂ ಇಲ್ಲ. ಒಳ್ಳೆಯದೋ ಕೆಟ್ಟದ್ದೋ, ಕುಡಿಯಬಹುದೋ ಕುಡಿಯಬಾರದೋ ಎನ್ನುವ ಮಾತೇ ಅಲ್ಲಿ ಬರುವುದಿಲ್ಲ. ಕನ್ನಡದಲ್ಲಿ ಈ ಅರ್ಥಕ್ಕೆ ಹತ್ತಿರದ ಮಾತು ‘ಅಪ್ಪಟ’. ಅದರ ಎದುರು ಮಾತು ಕೊಳಕು ಅಲ್ಲ, ‘ಬೆರಕೆ’. ಅಕ್ಕನ ಮಗಳಿಗೆ ಹೀಗೆ ಹೇಳಿದ ಮೇಲೆ ಅವಳ ಮುಖ ಸಡಿಲವಾಯಿತು.

ಬೆರಕೆ ಎಂದ ಕೂಡಲೇ ನಮಗೆ ಕಲಬೆರಕೆ ನೆನಪಾಗುತ್ತದೆ. ಇಲ್ಲಿ ಅದನ್ನು ಬೈಗುಳವಾಗಿ ತೆಗೆದುಕೊಳ್ಳಬೇಡಿ. ಉಸಿರಾಡುವ ಗಾಳಿ ಬೆರಕೆ. ಮೈಯಲ್ಲಿ ಹರಿಯುವ ರಕ್ತ ಬೆರಕೆ. ಹೊಲದ ಮಣ್ಣು, ಬೆಳಗಿನ ಕಾಫಿ, ಹಸುವಿನ ಕೆಚ್ಚಲಿನಿಂದ ಈಗಷ್ಟೇ ಕರೆದ ನೊರೆ ಹಾಲು, ಎಲ್ಲವೂ ಬೆರಕೆಯೇ. ಇನ್ನೊಂದು ಕಡೆ, ಹಳೆಯ ಥರ್ಮಾಮೀಟರಿನೊಳಗಿನ ಪಾದರಸ ಅಪ್ಪಟ ಶುದ್ಧ ವಸ್ತು. ಆದರೆ ಅದು ವಿಷ.

ಹಾಗಾದರೆ ಕುಡಿಯುವ ಕ್ಯಾನಿನಲ್ಲಿ ನೀರಿನ ಜೊತೆ ಏನಿದೆ? ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂಗಳ ಲವಣಗಳು ಕರಗಿವೆ. ಫಿಲ್ಟರ್ ಸರ್ವಿಸಿಗೆ ಬರುವವರು ಪೆನ್ನಿನಂಥ ಪುಟ್ಟ ಮೀಟರನ್ನು ಲೋಟದಲ್ಲಿ ಅದ್ದಿ “ಟಿಡಿಎಸ್ ಇಷ್ಟಿದೆ ಮೇಡಂ” ಎನ್ನುತ್ತಾರಲ್ಲ, ಅದು ಈ ಕರಗಿದ ವಸ್ತುಗಳ ಲೆಕ್ಕ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡದಲ್ಲಿ ಒಪ್ಪಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಅಂದರೆ ಒಳ್ಳೆಯ ಕುಡಿಯುವ ನೀರಿನಲ್ಲೂ ಲೀಟರಿಗೆ ಒಂದು ಚಿಟಿಕೆಯಷ್ಟು ಬೇರೆ ವಸ್ತು ಇರಬಹುದು. ಅದು ದೋಷವಲ್ಲ, ನೀರಿನ ರುಚಿ ಬರುವುದೇ ಅದರಿಂದ.

ಬ್ಯಾಟರಿಗೆ ಮಾತ್ರ ಆ ಚಿಟಿಕೆ ಆಗಿಬರುವುದಿಲ್ಲ. ನಲ್ಲಿ ನೀರಿನಲ್ಲಿರುವ ಕ್ಲೋರೈಡು, ಕಬ್ಬಿಣದಂಥ ಅಂಶಗಳು ಒಳಗಿನ ಸೀಸದ ತಟ್ಟೆಗಳನ್ನು ಕೆಡಿಸುತ್ತವೆ. ಬ್ಯಾಟರಿ ಚಾರ್ಜ್ ಆಗುವಾಗ ನೀರು ಖರ್ಚಾಗುತ್ತದೆ, ಆದರೆ ಲವಣ ಎಲ್ಲೂ ಹೋಗುವುದಿಲ್ಲ. ಪ್ರತಿ ಸಲ ನೀರು ತುಂಬಿದಾಗಲೂ ಅದು ಒಳಗೇ ಕೂಡುತ್ತಾ ಹೋಗುತ್ತದೆ. ಅದಕ್ಕೇ ನೀರನ್ನು ಆವಿ ಮಾಡಿ, ಆ ಆವಿಯನ್ನು ತಣಿಸಿ ಹಿಡಿದ ನೀರೋ, ಇಲ್ಲವೇ ಅದೇ ಮಟ್ಟಕ್ಕೆ ಲವಣ ತೆಗೆದ ನೀರೋ ಬೇಕು.

ಇದನ್ನು ಕಣ್ಣಾರೆ ನೋಡಬಹುದು. ಸ್ಟೀಲ್ ತಟ್ಟೆಯ ಒಂದು ಬದಿಗೆ ಬೋರ್‌ವೆಲ್ ನೀರಿನ ನಾಲ್ಕು ಹನಿ, ಇನ್ನೊಂದು ಬದಿಗೆ ಬ್ಯಾಟರಿ ನೀರಿನ ನಾಲ್ಕು ಹನಿ ಹಾಕಿ ಬಿಸಿಲಿಗಿಡಿ. ಬೋರ್‌ವೆಲ್ ನೀರು ಆರಿದ ಕಡೆ ಬಿಳಿ ಉಂಗುರ ಉಳಿಯುತ್ತದೆ. ಇನ್ನೊಂದು ಕಡೆ ಹುಡುಕಿದರೂ ಗುರುತು ಸಿಗುವುದು ಕಷ್ಟ.

ಅಪ್ಪಟದಲ್ಲಿ ಎರಡು ಬಗೆ

ಒಂದೇ ಜಾತಿಯ ಪರಮಾಣುಗಳಿಂದ ಆದದ್ದು ಧಾತು. ಚಿನ್ನ, ತಾಮ್ರ, ಗಂಧಕ, ಆಮ್ಲಜನಕ. ಪಟ್ಟಿಯಲ್ಲಿ ಈಗ 118 ಇವೆ. ಬೇರೆ ಬೇರೆ ಧಾತುಗಳ ಪರಮಾಣುಗಳು ಒಂದು ಗೊತ್ತಾದ ಲೆಕ್ಕದಲ್ಲಿ ಕಟ್ಟಿಕೊಂಡು ಆದದ್ದು ಸಂಯುಕ್ತ. ನೀರು, ಸಕ್ಕರೆ, ಅಡುಗೆ ಸೋಡಾ. ಇವೆರಡೂ ಶುದ್ಧ ವಸ್ತುಗಳೇ.

ಮಕ್ಕಳಿಗೆ ಇಲ್ಲಿ ಒಂದು ಅನುಮಾನ ಬರುತ್ತದೆ, ಬರಲೇಬೇಕು. ನೀರಿನಲ್ಲಿ ಜಲಜನಕವೂ ಇದೆ, ಆಮ್ಲಜನಕವೂ ಇದೆ. ಎರಡು ಇದ್ದ ಮೇಲೆ ಅದು ಬೆರಕೆ ಅಲ್ವಾ?

ಅಲ್ಲ. ಪಾನಕವನ್ನೂ ನೀರನ್ನೂ ಅಕ್ಕಪಕ್ಕ ಇಟ್ಟು ಯೋಚಿಸಿದರೆ ಇದು ತಿಳಿಯಾಗುತ್ತದೆ. ರಾಮನವಮಿಗೆ ನಿಮ್ಮ ಮನೆಯಲ್ಲಿ ಪಾನಕಕ್ಕೆ ಬೆಲ್ಲ ಜಾಸ್ತಿ, ಪಕ್ಕದ ಮನೆಯಲ್ಲಿ ಕಡಿಮೆ. ಎರಡೂ ಪಾನಕವೇ. ಬೆರಕೆಯ ಗುಣವೇ ಅದು, ಪ್ರಮಾಣ ಹೇಗೂ ಇರಬಹುದು. ನೀರಿಗೆ ಆ ಸ್ವಾತಂತ್ರ್ಯ ಇಲ್ಲ. ಕಾವೇರಿಯ ನೀರಾಗಲಿ, ಹಿಮಾಲಯದ ಹಿಮ ಕರಗಿದ ನೀರಾಗಲಿ, ಅದನ್ನು ಅಪ್ಪಟ ಮಾಡಿ 9 ಗ್ರಾಂ ತೂಗಿ ತೆಗೆದುಕೊಂಡರೆ ಅದರಲ್ಲಿ ಸುಮಾರು 1 ಗ್ರಾಂ ಜಲಜನಕ, 8 ಗ್ರಾಂ ಆಮ್ಲಜನಕ. ಆಮ್ಲಜನಕ ಇನ್ನೊಂದಿಷ್ಟು ಜಾಸ್ತಿ ಹಾಕಿ ‘ಸ್ಟ್ರಾಂಗ್ ನೀರು’ ಮಾಡುತ್ತೇನೆ ಎಂದರೆ ಆಗುವುದಿಲ್ಲ. ಪ್ರತಿ ಅಣುವಿನಲ್ಲೂ ಎರಡು ಜಲಜನಕ, ಒಂದು ಆಮ್ಲಜನಕ ಸೇರಿದರೆ ನೀರು. ಇನ್ನೊಂದು ಆಮ್ಲಜನಕ ಬಂದು ಕಟ್ಟಿಕೊಂಡರೆ ಅದು ನೀರಾಗಿ ಉಳಿಯುವುದೇ ಇಲ್ಲ, ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ.

ಇವತ್ತು ನಾವು ಇದನ್ನು ಒಂದು ಸಾಲಿನಲ್ಲಿ ಓದಿ ಮುಗಿಸುತ್ತೇವೆ. 18ನೇ ಶತಮಾನದ ಕೊನೆಯಲ್ಲಿ ಇದರ ಮೇಲೆ ದೊಡ್ಡ ಜಗಳವೇ ನಡೆದಿತ್ತು. ಫ್ರಾನ್ಸಿನ ಜೋಸೆಫ್ ಪ್ರೌಸ್ಟ್ ಗಣಿಯಲ್ಲಿ ಸಿಕ್ಕ ತಾಮ್ರದ ಕಾರ್ಬೊನೇಟನ್ನೂ ತಾನೇ ಪ್ರಯೋಗಶಾಲೆಯಲ್ಲಿ ತಯಾರಿಸಿದ ಕಾರ್ಬೊನೇಟನ್ನೂ ಬಿಡಿಸಿ ತೂಗಿದ. ಎರಡರಲ್ಲೂ ತಾಮ್ರದ ಪಾಲು ಒಂದೇ ಇತ್ತು. ಸಂಯುಕ್ತದ ಲೆಕ್ಕ ಬದಲಾಗುವುದಿಲ್ಲ ಎಂದ. ಅವನ ಕಾಲದ ದೊಡ್ಡ ರಸಾಯನಶಾಸ್ತ್ರಜ್ಞ ಕ್ಲಾಡ್ ಬರ್ತೊಲೆ ಒಪ್ಪಲಿಲ್ಲ. ಪ್ರಮಾಣ ಬದಲಾಗುವ ಎಷ್ಟೋ ಉದಾಹರಣೆಗಳನ್ನು ಅವನು ಮುಂದಿಟ್ಟ. ಅವು ಯಾವುವು ಗೊತ್ತಾ? ಗಾಜು, ಮಿಶ್ರಲೋಹ, ದ್ರಾವಣ. ಇವತ್ತಿನ ಲೆಕ್ಕದಲ್ಲಿ ಎಲ್ಲವೂ ಮಿಶ್ರಣಗಳೇ! ಅಂಥ ಮೇಧಾವಿಗೂ ಸಂಯುಕ್ತ ಮತ್ತು ಮಿಶ್ರಣದ ನಡುವಿನ ಗೆರೆ ಸ್ಪಷ್ಟವಾಗಿ ಕಂಡಿರಲಿಲ್ಲ. ಒಂಬತ್ತನೇ ಕ್ಲಾಸಿನ ಮಗು ಇಲ್ಲಿ ತಡವರಿಸಿದರೆ ಗದರಬೇಡಿ.

ಇನ್ನೊಂದು ವ್ಯತ್ಯಾಸ ಗುಣದಲ್ಲಿ. ಪಾನಕದಲ್ಲಿ ಬೆಲ್ಲದ ಸಿಹಿ ಹಾಗೇ ಇರುತ್ತದೆ, ಏಲಕ್ಕಿಯ ಘಮ ಹಾಗೇ ಇರುತ್ತದೆ. ಮಿಶ್ರಣದಲ್ಲಿ ಯಾರೂ ತಮ್ಮತನ ಬಿಡುವುದಿಲ್ಲ. ಸಂಯುಕ್ತದಲ್ಲಿ ಪೂರ್ತಿ ಬಿಡುತ್ತಾರೆ. ಸೋಡಿಯಂ ನೀರಿಗೆ ಬಿದ್ದರೆ ಹೊತ್ತಿಕೊಳ್ಳುವ ಲೋಹ. ಕ್ಲೋರಿನ್ 1915ರಲ್ಲಿ ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರನ್ನು ಕೊಂದ ಅನಿಲ. ಎರಡೂ ಕಟ್ಟಿಕೊಂಡರೆ ಆಗುವುದು ನಾವು ಉಪ್ಪಿಟ್ಟಿಗೆ ಹಾಕುವ ಉಪ್ಪು.

ಹಾಗಂತ ಎರಡು ವಸ್ತು ಕಲಸಿದ ಕೂಡಲೇ ಬರೀ ಮಿಶ್ರಣವೇ ಆಗುತ್ತದೆ ಎಂದೂ ಹೇಳಲಾಗದು. ಆರತಿಗೆ ಅರಿಶಿನದ ನೀರು ಮಾಡಿ ಚೂರು ಸುಣ್ಣ ಹಾಕುತ್ತೇವೆ. ಹಳದಿ ಹೋಗಿ ಕೆಂಪಾಗುತ್ತದೆ. ಅರಿಶಿನವೂ ಕೆಂಪಲ್ಲ, ಸುಣ್ಣವೂ ಕೆಂಪಲ್ಲ. ಹೊಸ ಗುಣ ಹುಟ್ಟಿದೆ ಎಂದರೆ ಒಳಗೆ ಸುಮ್ನೆ ಬೆರೆಯುವುದಕ್ಕಿಂತ ಜಾಸ್ತಿ ಏನೋ ನಡೆದಿದೆ.

ಒಂದೇ ಥರ ಕಂಡರೆ ಶುದ್ಧವೇ?

ಮಿಶ್ರಣದಲ್ಲೂ ಎರಡು ಬಗೆ ಎಂದು ಪುಸ್ತಕ ಹೇಳುತ್ತದೆ. ಎಲ್ಲಿ ತೆಗೆದರೂ ಒಂದೇ ಥರ ಇರುವುದು ಸಮರೂಪ ಮಿಶ್ರಣ. ಉಪ್ಪು ನೀರು, ಗಾಳಿ, ಹಿತ್ತಾಳೆ ಈ ಗುಂಪಿನವು. ಜಾಗದಿಂದ ಜಾಗಕ್ಕೆ ಬೇರೆಯಾಗುವುದು ಅಸಮರೂಪ ಮಿಶ್ರಣ. ಚಿತ್ರಾನ್ನದಲ್ಲಿ ಒಂದು ತುತ್ತಿಗೆ ಐದು ಕಡಲೆಬೀಜ ಬಂದರೆ ಇನ್ನೊಂದಕ್ಕೆ ಒಂದೂ ಬರುವುದಿಲ್ಲ.

ಅಕ್ಕನ ಮಗಳು ಇಷ್ಟು ಓದಿ, ಒಂದೇ ಥರ ಇದ್ದರೆ ಶುದ್ಧ, ಬೇರೆ ಬೇರೆ ಕಂಡರೆ ಮಿಶ್ರಣ ಎಂದು ತೀರ್ಮಾನ ಮಾಡಿಬಿಟ್ಟಿದ್ದಳು. ಅದು ತಪ್ಪು. ಬ್ಯಾಟರಿ ನೀರಿನಿಂದಲೇ ಮಾಡಿದ ಮಂಜುಗಡ್ಡೆಯ ಚೂರುಗಳನ್ನು ಅದೇ ನೀರಿನ ಲೋಟಕ್ಕೆ ಹಾಕಿ. ಕಣ್ಣಿಗೆ ಎರಡು ಕಾಣುತ್ತವೆ, ಗಟ್ಟಿ ಒಂದು, ದ್ರವ ಒಂದು. ಆದರೆ ಲೋಟದಲ್ಲಿರುವುದು ಒಂದೇ ವಸ್ತು. ಅಜ್ಜಿಯ ಬಳೆ ನೋಡಿ. ಮೇಲಿಂದ ಕೆಳಗೆ ಒಂದೇ ಹೊಳಪು. ಆದರೆ 22 ಕ್ಯಾರೆಟ್ ಬಳೆಯಲ್ಲಿ ಚಿನ್ನದ ಪಾಲು ನೂರಕ್ಕೆ 91.6. ಹಾಲ್‌ಮಾರ್ಕಿನ 916 ಎನ್ನುವ ಅಂಕಿ ಅದೇ. ಉಳಿದದ್ದು ಹೆಚ್ಚಾಗಿ ತಾಮ್ರ, ಬೆಳ್ಳಿ. ಅಪ್ಪಟ ಚಿನ್ನ ತುಂಬಾ ಮೆದು, ದಿನಬಳಕೆಯ ಬಳೆಗೆ ಬಾಳುವುದಿಲ್ಲ. ಹಾಗಾಗಿ ಬೇಕೆಂದೇ ಬೆರೆಸುತ್ತಾರೆ. ‘ಅಪ್ಪಟ ಚಿನ್ನದ ಬಳೆ’ ಎಂದು ನಾವು ಹೆಮ್ಮೆಪಡುವುದು ಒಂದು ಒಳ್ಳೆಯ ಮಿಶ್ರಣಕ್ಕೆ.

ಹಾಲಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅಡುಗೆಮನೆಯಲ್ಲಿರುವ ಅತಿ ಚೆಂದದ ಮಿಶ್ರಣ ಅದು. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು. ಅದರಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಪೂರ್ತಿ ಕರಗಿದೆ. ಕೊಬ್ಬು ಕರಗಿಲ್ಲ, ಸಣ್ಣ ಸಣ್ಣ ಗುಂಡುಗಳಾಗಿ ತೇಲುತ್ತಿದೆ. ಕೇಸೀನ್ ಎನ್ನುವ ಪ್ರೋಟೀನ್ ಅದಕ್ಕಿಂತಲೂ ಸಣ್ಣ ಉಂಡೆಗಳಾಗಿ ಹರಡಿದೆ. ಒಂದೇ ಲೋಟದಲ್ಲಿ ಮೂರು ಗಾತ್ರದ ಸಂಸಾರ. ನೋಡಿದರೆ ಮಾತ್ರ ಒಂದೇ ಬಿಳುಪು. ಹೀಗೆ ಪೂರ್ತಿ ಕರಗದ, ಹಾಗೆಂದು ತಳಕ್ಕೂ ಕೂರದ ಮಿಶ್ರಣವನ್ನು ಕಲಿಲ ಎನ್ನುತ್ತಾರೆ. ಈ ಗುಂಪಿಗೆ ಕೊಲಾಯ್ಡ್ ಎಂದು ಹೆಸರಿಟ್ಟವನು ಸ್ಕಾಟ್ಲೆಂಡಿನ ಥಾಮಸ್ ಗ್ರಹಾಂ, 1861ರಲ್ಲಿ.

ಕಲಿಲವನ್ನು ಹಿಡಿಯುವುದು ಬೆಳಕಿನಿಂದ. ರಾತ್ರಿ ದೀಪ ಆರಿಸಿ. ಒಂದು ಗಾಜಿನ ಲೋಟದಲ್ಲಿ ಉಪ್ಪು ನೀರು, ಇನ್ನೊಂದರಲ್ಲಿ ನೀರಿಗೆ ನಾಲ್ಕೇ ಹನಿ ಹಾಲು. ಪಕ್ಕದಿಂದ ಮೊಬೈಲ್ ಟಾರ್ಚ್ ಬಿಡಿ. ಉಪ್ಪು ನೀರಿನಲ್ಲಿ ಬೆಳಕಿನ ದಾರಿ ಹೆಚ್ಚೂಕಮ್ಮಿ ಕಾಣುವುದಿಲ್ಲ, ಕರಗಿದ ಕಣಗಳು ಅಷ್ಟು ಸಣ್ಣವು. ಹಾಲಿನ ಲೋಟದಲ್ಲಿ ಬೆಳಕು ಹಾದುಹೋಗುವ ಪಟ್ಟೆ ಎದ್ದು ಕಾಣುತ್ತದೆ. ಪಕ್ಕದಿಂದ ನೋಡಿದರೆ ತುಸು ನೀಲಿ, ಟಾರ್ಚಿಗೆ ಎದುರಾಗಿ ನಿಂತು ಲೋಟದ ಮೂಲಕ ನೋಡಿದರೆ ತುಸು ಕಿತ್ತಳೆ. ಐರ್ಲೆಂಡಿನ ಜಾನ್ ಟಿಂಡಾಲ್ ಹೆಸರಿನಲ್ಲಿ ಇದನ್ನು ಟಿಂಡಾಲ್ ಪರಿಣಾಮ ಎನ್ನುತ್ತಾರೆ. ಹಂಚಿನ ಮನೆಯ ಬೆಳಕಿಂಡಿಯಿಂದ ಇಳಿದ ಬಿಸಿಲಕೋಲಿನಲ್ಲಿ ಧೂಳು ಕುಣಿಯುವುದನ್ನು ಚಿಕ್ಕವರಿದ್ದಾಗ ನೋಡಿದ್ದೀರಲ್ಲ, ಅಲ್ಲೂ ಕಣಗಳು ಬೆಳಕು ಚೆದುರಿಸಿದ್ದರಿಂದಲೇ ಆ ಕೋಲು ಕಾಣುತ್ತಿತ್ತು.

ಪ್ಯಾಕೆಟ್ ಹಾಲಿನಲ್ಲಿ ಕೆನೆ ಯಾಕೆ ಮೇಲೆ ಬರುವುದಿಲ್ಲ ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ಹೋಮೊಜಿನೈಸ್ ಮಾಡಿದ ಹಾಲಿನಲ್ಲಿ ಕೊಬ್ಬಿನ ಗುಂಡುಗಳನ್ನು ಒತ್ತಡದಿಂದ ಒಡೆದು ಇನ್ನೂ ಸಣ್ಣದಾಗಿಸಿರುತ್ತಾರೆ. ಅವು ಮೇಲೇಳಲು ತುಂಬಾ ಹೊತ್ತು ಹಿಡಿಯುತ್ತದೆ. ಅದು ಬೇರೆ ವಸ್ತು ಸೇರಿಸಿದ್ದಲ್ಲ.

ಎಳೆ ಪಾಕದ ಪಾಠ

ಕಣ್ಣನ್ನು ನಂಬುವ ಹಾಗಿಲ್ಲ ಎಂದಾದ ಮೇಲೆ ಶುದ್ಧ ಎಂದು ತಿಳಿಯುವುದು ಹೇಗೆ? ಶುದ್ಧ ವಸ್ತುವಿನ ಗುಣಗಳಿಗೆ ಒಂದು ಖಚಿತ ಅಂಕಿ ಇರುತ್ತದೆ. ಕುದಿಯುವ ಬಿಸಿ, ಕರಗುವ ಬಿಸಿ, ಸಾಂದ್ರತೆ ಎಲ್ಲಕ್ಕೂ. ಮಿಶ್ರಣದ ಅಂಕಿ ಜಾರುತ್ತಾ ಇರುತ್ತದೆ.

ಬ್ಯಾಟರಿ ನೀರನ್ನು ಕುದಿಸಿ ಥರ್ಮಾಮೀಟರ್ ಇಟ್ಟರೆ, ಕುದಿ ಹತ್ತಿದ ಮೇಲೆ ಪಾದರಸ ಒಂದೇ ಕಡೆ ನಿಂತುಬಿಡುತ್ತದೆ. ಉರಿ ಎಷ್ಟು ಜಾಸ್ತಿ ಮಾಡಿದರೂ ನೀರು ಬೇಗ ಆವಿಯಾಗುತ್ತದೆ ಅಷ್ಟೇ, ಬಿಸಿ ಏರುವುದಿಲ್ಲ. ಮಂಗಳೂರಿನಲ್ಲಿ ಅದು 100 ಡಿಗ್ರಿ. ಬೆಂಗಳೂರಿನಲ್ಲಿ ಸುಮಾರು 97. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಕಡಿಮೆ. ಅಂಕಿ ಊರಿಂದ ಊರಿಗೆ ಬದಲಾದರೂ ಒಂದು ಊರಿನಲ್ಲಿ ಒಂದೇ ಅಂಕಿಗೆ ನಿಲ್ಲುತ್ತದೆ.

ಈಗ ಮೈಸೂರು ಪಾಕಿಗೆ ಸಕ್ಕರೆ ಪಾಕ ಇಡಿ. ಕುದಿಯಲು ಶುರುವಾಗುತ್ತದೆ. ನೀರು ಆವಿಯಾದಷ್ಟೂ ಸಕ್ಕರೆಯ ಪಾಲು ಹೆಚ್ಚುತ್ತದೆ, ಅದರ ಜೊತೆಗೆ ಕುದಿಯುವ ಬಿಸಿಯೂ ಮೇಲೇರುತ್ತದೆ. ಎಲ್ಲೂ ನಿಲ್ಲುವುದಿಲ್ಲ. ಎಳೆ ಪಾಕ ಬರುವ ಹೊತ್ತಿಗೆ 100 ದಾಟಿರುತ್ತದೆ, ಉಂಡೆ ಪಾಕಕ್ಕೆ ಇನ್ನೂ ಮೇಲೆ. ಅಮ್ಮ ಬೆರಳಿನ ನಡುವೆ ಎಳೆ ತೆಗೆದು “ಈಗ ಇಳಿಸು” ಎನ್ನುತ್ತಿದ್ದಳಲ್ಲ, ಆಕೆ ಅಳೆಯುತ್ತಿದ್ದದ್ದು ಆ ಗಳಿಗೆಯಲ್ಲಿ ಮಿಶ್ರಣದ ಪ್ರಮಾಣ ಎಷ್ಟಾಗಿದೆ ಎಂದು. ಥರ್ಮಾಮೀಟರ್ ಇಲ್ಲದೆ ಅಷ್ಟು ನಿಖರವಾಗಿ ಅಳೆಯುವ ಆ ಕೈಗಳ ಬಗ್ಗೆ ನನಗೆ ಯಾವಾಗಲೂ ಗೌರವ.

ತಣ್ಣಗಿನ ಕಡೆಯೂ ಇದೇ ಕಥೆ. ಕುಲ್ಫಿ ಮಾರುವವರು ಮಡಕೆಯ ಐಸಿಗೆ ಹಿಡಿ ಹಿಡಿ ಉಪ್ಪು ಹಾಕುತ್ತಾರೆ. ಅಪ್ಪಟ ಮಂಜುಗಡ್ಡೆ ಕರಗುವುದು 0 ಡಿಗ್ರಿಯಲ್ಲಿ. ಉಪ್ಪು ಬೆರೆತರೆ ಆ ಗಡಿ ಕೆಳಗೆ ಜಾರುತ್ತದೆ, ಸರಿಯಾದ ಪ್ರಮಾಣದಲ್ಲಿ ಸುಮಾರು ಮೈನಸ್ 21ರವರೆಗೂ. ಹಾಗಾಗಿಯೇ ಹಾಲು ಗಟ್ಟಿಯಾಗಿ ಕುಲ್ಫಿಯಾಗುತ್ತದೆ. ತುಪ್ಪವನ್ನೂ ಗಮನಿಸಿ. ಡಿಸೆಂಬರಿನ ಚಳಿಯಲ್ಲಿ ಅರ್ಧ ಹರಳು ಹರಳಾಗಿ, ಅರ್ಧ ದ್ರವವಾಗಿ ಉಳಿಯುತ್ತದೆ. ಅದರಲ್ಲಿ ಬೇರೆ ಬೇರೆ ಕೊಬ್ಬುಗಳಿವೆ, ಒಂದೊಂದೂ ತನ್ನ ತನ್ನ ಬಿಸಿಯಲ್ಲಿ ಗಟ್ಟಿಯಾಗುತ್ತದೆ. ಅಂಗಡಿಯವರು ಹೇಳುವ ಶುದ್ಧ ತುಪ್ಪ ರಸಾಯನಶಾಸ್ತ್ರಕ್ಕೆ ಎಂದೆಂದಿಗೂ ಮಿಶ್ರಣ.

ಗಾಳಿಯಲ್ಲಿ ಅಡಗಿದ್ದ ಸೋಮಾರಿ

ಅಂಕಿ ಜಾರಿದರೆ ಬೆರಕೆ ಇದೆ ಎನ್ನುವ ಈ ಒಂದು ನಿಯಮದ ಹಿಂದೆ ಬಿದ್ದವರಿಗೆ ಏನು ಸಿಕ್ಕಿತು ಎನ್ನುವುದು ನನಗೆ ತುಂಬಾ ಇಷ್ಟದ ಕಥೆ. ಬೆಂಗಳೂರಿಗೂ ಅದಕ್ಕೂ ನಂಟಿದೆ.

ಇಂಗ್ಲೆಂಡಿನ ಲಾರ್ಡ್ ರ‍್ಯಾಲಿ ಅನಿಲಗಳ ಸಾಂದ್ರತೆಯನ್ನು ಎಚ್ಚರಿಕೆಯಿಂದ ಅಳೆಯುತ್ತಿದ್ದರು. ಸಾರಜನಕವನ್ನು ಅವರು ಎರಡು ದಾರಿಯಿಂದ ಪಡೆದರು. ಒಂದು, ಗಾಳಿಯಿಂದ ಆಮ್ಲಜನಕ ಮುಂತಾದ್ದನ್ನೆಲ್ಲ ತೆಗೆದು ಉಳಿದದ್ದು. ಇನ್ನೊಂದು, ಅಮೋನಿಯದಂಥ ಸಂಯುಕ್ತಗಳಿಂದ ಬಿಡಿಸಿದ್ದು. ಗಾಳಿಯದ್ದು ಲೀಟರಿಗೆ ಸುಮಾರು 1.257 ಗ್ರಾಂ ತೂಗಿತು. ಸಂಯುಕ್ತದ್ದು ಸುಮಾರು 1.251 ಗ್ರಾಂ. ವ್ಯತ್ಯಾಸ ನೂರಕ್ಕೆ ಅರ್ಧದಷ್ಟು. ಬೇರೆಯವರಾಗಿದ್ದರೆ ತಕ್ಕಡಿಯ ತಪ್ಪು ಎಂದು ಬಿಟ್ಟುಬಿಡುತ್ತಿದ್ದರೋ ಏನೋ. ರ‍್ಯಾಲಿ ಬಿಡಲಿಲ್ಲ. ಮತ್ತೆ ಮತ್ತೆ ತೂಗಿದರು, ಅದೇ ಬಂತು. 1892ರಲ್ಲಿ ‘ನೇಚರ್’ ಪತ್ರಿಕೆಗೆ ಪತ್ರ ಬರೆದು, ಇದಕ್ಕೆ ಕಾರಣ ಏನಿರಬಹುದು ಎಂದು ಎಲ್ಲರನ್ನೂ ಕೇಳಿದರು.

ಎರಡೂ ಅಪ್ಪಟ ಸಾರಜನಕವೇ ಆಗಿದ್ದರೆ ಅಂಕಿ ಒಂದೇ ಇರಬೇಕಿತ್ತು. ಇಲ್ಲ ಎಂದರೆ ಎರಡರಲ್ಲಿ ಒಂದು ಬೆರಕೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆ ಈ ಜಾಡು ಹಿಡಿದರು. ಗಾಳಿಯಿಂದ ಬಂದ ಸಾರಜನಕವನ್ನು ಕಾದ ಮೆಗ್ನೀಸಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿದರು. ಮೆಗ್ನೀಸಿಯಂ ಸಾರಜನಕವನ್ನು ಹಿಡಿದುಕೊಳ್ಳುತ್ತದೆ. ಕೊನೆಗೆ ಏನು ಮಾಡಿದರೂ ಹಿಡಿತಕ್ಕೆ ಬಾರದ ಸ್ವಲ್ಪ ಅನಿಲ ಉಳಿಯಿತು. ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದಾಗ ಅಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದ ಗೆರೆಗಳು ಕಂಡವು. ಪ್ರತಿ ಧಾತುವಿಗೂ ಅದರದ್ದೇ ಗೆರೆಗಳ ಗುರುತು ಇರುತ್ತದೆ. ಹೊಸ ಧಾತು! 1894ರಲ್ಲಿ ಇಬ್ಬರೂ ಸೇರಿ ಅದನ್ನು ಸಾರಿದರು. ಯಾರ ಜೊತೆಯೂ ಸೇರದ ಅದಕ್ಕೆ ಆರ್ಗಾನ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಸೋಮಾರಿ ಎಂದರ್ಥ.

ಇದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಮೊದಲೇ, 1785ರಲ್ಲಿ, ಹೆನ್ರಿ ಕ್ಯಾವೆಂಡಿಶ್ ಗಾಳಿಯಲ್ಲಿ ಕಿಡಿ ಹಾರಿಸುತ್ತಾ ಸಾರಜನಕವನ್ನೆಲ್ಲ ಕರಗಿಸಿ ತೆಗೆದಿದ್ದ. ಕೊನೆಗೊಂದು ಪುಟ್ಟ ಗುಳ್ಳೆ ಹಾಗೇ ಉಳಿದಿತ್ತು. ಅದು ಸಾರಜನಕದ 120ನೇ ಒಂದು ಪಾಲಿಗಿಂತ ಜಾಸ್ತಿ ಇರಲಾರದು ಎಂದು ಪ್ರಾಮಾಣಿಕವಾಗಿ ಬರೆದಿಟ್ಟಿದ್ದ. ಅದೇ ಆರ್ಗಾನ್. ನಾವು ಪ್ರತಿ ಉಸಿರಿನಲ್ಲೂ ಒಳಗೆ ತೆಗೆದುಕೊಳ್ಳುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ, 0.93 ಪಾಲು ಈ ಆರ್ಗಾನ್. ಹೆಚ್ಚೂಕಮ್ಮಿ ನೂರಕ್ಕೆ ಒಂದು ಪಾಲು ಎಲ್ಲರ ಮೂಗಿನ ಕೆಳಗೇ ಇತ್ತು. ಅಷ್ಟು ಕಾಲ ಲೋಕವೆಲ್ಲ ಅದನ್ನು ಶುದ್ಧ ಸಾರಜನಕ ಎಂದೇ ನಂಬಿತ್ತು.

1898ರಲ್ಲಿ ರಾಮ್ಸೆ ತಮ್ಮ ಕಿರಿಯ ಸಹೋದ್ಯೋಗಿ ಮೋರಿಸ್ ಟ್ರಾವರ್ಸ್ ಜೊತೆ ಸೇರಿ ಇನ್ನೂ ಮುಂದೆ ಹೋದರು. ಗಾಳಿಯನ್ನು ತಣಿಸಿ ದ್ರವ ಮಾಡಿ, ನಿಧಾನವಾಗಿ ಬಿಸಿಯೇರಲು ಬಿಟ್ಟರು. ಪ್ರತಿ ಅನಿಲಕ್ಕೂ ಅದರದ್ದೇ ಕುದಿಯುವ ಅಂಕಿ ಇದೆ. ಸಾರಜನಕ ಮೈನಸ್ 196ರಲ್ಲಿ, ಆರ್ಗಾನ್ ಮೈನಸ್ 186ರಲ್ಲಿ, ಆಮ್ಲಜನಕ ಮೈನಸ್ 183ರಲ್ಲಿ ಏಳುತ್ತವೆ. ಹೀಗೆ ಒಂದೊಂದನ್ನೇ ಬೇರೆ ಮಾಡುತ್ತಾ ಹೋದಾಗ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಸಿಕ್ಕವು, ಮೂರೂ ಒಂದೇ ವರ್ಷದಲ್ಲಿ. ಆಸ್ಪತ್ರೆಯ ಆಮ್ಲಜನಕವನ್ನು ದೊಡ್ಡ ಘಟಕಗಳಲ್ಲಿ ಇಂದಿಗೂ ಇದೇ ದಾರಿಯಲ್ಲಿ ತೆಗೆಯುತ್ತಾರೆ.

ಬೆಂಗಳೂರಿನ ನಂಟು ಹೇಳಿದೆನಲ್ಲ. ಜಮ್ಷೆಟ್‌ಜಿ ಟಾಟಾ ಅವರ ಕನಸಿನ ವಿಜ್ಞಾನ ಸಂಸ್ಥೆಯನ್ನು ಎಲ್ಲಿ ಕಟ್ಟಬೇಕು ಎಂದು ಸಲಹೆ ಕೊಡಲು ಇದೇ ರಾಮ್ಸೆಯವರನ್ನು ಭಾರತಕ್ಕೆ ಕರೆಸಿದ್ದರು. ದೇಶ ಸುತ್ತಿ ನೋಡಿ ಅವರು ಬೆಂಗಳೂರನ್ನು ಸೂಚಿಸಿದರು. ಮೈಸೂರು ಸಂಸ್ಥಾನ ಜಾಗ ಕೊಟ್ಟಿತು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾಗಿ ಬಂದವರು ಅದೇ ಟ್ರಾವರ್ಸ್. ಹಳಬರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಆ ಆವರಣದ ಮುಂದೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ನನಗೆ ಆ ಅರ್ಧ ಪರ್ಸೆಂಟ್ ನೆನಪಾಗುತ್ತದೆ.

ಬಿಡಿಸುವ ಕೆಲಸ

ಮಿಶ್ರಣವನ್ನು ಬಿಡಿಸಲು ರಾಸಾಯನಿಕ ಬದಲಾವಣೆ ಬೇಕಿಲ್ಲ. ಗುಣದ ವ್ಯತ್ಯಾಸ ಹಿಡಿದರೆ ಸಾಕು. ಮೊರದಲ್ಲಿ ಕೇರುವಾಗ ತೂಕದ ವ್ಯತ್ಯಾಸ, ಜರಡಿ ಹಿಡಿಯುವಾಗ ಗಾತ್ರದ ವ್ಯತ್ಯಾಸ. ಸಂಯುಕ್ತ ಇಂಥದ್ದಕ್ಕೆಲ್ಲ ಜಗ್ಗುವುದಿಲ್ಲ. ನೀರನ್ನು ಎಷ್ಟು ಸೋಸಿದರೂ ಜಲಜನಕ ಬೇರೆಯಾಗದು, ಕರೆಂಟು ಹಾಯಿಸಬೇಕು.

ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ, ಅದೂ ಹಲವು ಬಗೆಯದು. ನೀರು ಬಿಸಿಲಿಗೆ ಆರುತ್ತಾ ಹೋದಂತೆ ಎಲ್ಲವೂ ಒಟ್ಟಿಗೆ ಹರಳಾಗುವುದಿಲ್ಲ. ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್, ಆಮೇಲೆ ಜಿಪ್ಸಂ ಕೂರುತ್ತವೆ. ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವ ಹೊತ್ತಿಗೆ ನಾವು ತಿನ್ನುವ ಉಪ್ಪು. ಕೊನೆಗೆ ಉಳಿಯುವುದು ಮೆಗ್ನೀಸಿಯಂ ಲವಣಗಳಿರುವ ಕಹಿ ನೀರು. ಆ ಕಹಿ ನೀರನ್ನು ಹೊರಗೆ ಬಿಡದೆ ಪೂರ್ತಿ ಒಣಗಿಸಿದರೆ ಮೆಗ್ನೀಸಿಯಂ ಕ್ಲೋರೈಡ್ ಉಪ್ಪಿನ ಜೊತೆಗೇ ಉಳಿಯುತ್ತದೆ. ಮಳೆಗಾಲದಲ್ಲಿ ಭರಣಿಯ ಕಲ್ಲುಪ್ಪು ನೀರೂರುತ್ತದಲ್ಲ, ಅದರಲ್ಲಿ ಗಾಳಿಯ ತೇವವನ್ನು ಎಳೆದುಕೊಳ್ಳುವ ಈ ಲವಣದ ಪಾಲು ದೊಡ್ಡದು. ಪ್ಯಾಕೆಟ್ ಉಪ್ಪಿನಲ್ಲಿ ಇದನ್ನು ಹೆಚ್ಚು ತೆಗೆದಿರುತ್ತಾರೆ. ಹಾಗೆಂದು ಅದೂ ಅಪ್ಪಟವಲ್ಲ. ಗಳಗಂಡ ಬಾರದಿರಲೆಂದು ಅಯೋಡಿನ್ ಇರುವ ಲವಣ ಬೆರೆಸಿರುತ್ತಾರೆ.

ಮಕ್ಕಳ ಜೊತೆ ಮಾಡಲು ಇನ್ನೊಂದು ಪ್ರಯೋಗ. ಟಿಶ್ಯೂ ಕಾಗದದ ಉದ್ದನೆಯ ಪಟ್ಟಿಯಲ್ಲಿ, ತುದಿಯಿಂದ ಎರಡು ಬೆರಳು ಮೇಲೆ, ಕಪ್ಪು ಸ್ಕೆಚ್ ಪೆನ್ನಿನಿಂದ ಒಂದು ಚುಕ್ಕಿ ಇಡಿ. ಚುಕ್ಕಿ ಮುಳುಗದಂತೆ ತುದಿಯನ್ನು ಮಾತ್ರ ನೀರಿಗೆ ತಾಗಿಸಿ. ನೀರು ಕಾಗದದಲ್ಲಿ ಏರುವಾಗ ಬಣ್ಣಗಳನ್ನೂ ಎಳೆದುಕೊಂಡು ಹೋಗುತ್ತದೆ. ಕಾಗದಕ್ಕೆ ಹೆಚ್ಚು ಅಂಟುವ ಬಣ್ಣ ಹಿಂದೆ ಉಳಿಯುತ್ತದೆ, ಕಡಿಮೆ ಅಂಟುವುದು ಮುಂದೆ ಓಡುತ್ತದೆ. ಕಪ್ಪು ಎಂದುಕೊಂಡದ್ದರಿಂದ ನೀಲಿ, ಕೆಂಪು, ಹಳದಿ ಹೊರಬರುತ್ತವೆ. ಅಕ್ಕನ ಮಗಳು ಒಂದು ಡಬ್ಬಿ ಪೆನ್ನುಗಳನ್ನೂ ಅವತ್ತೇ ಪರೀಕ್ಷೆ ಮಾಡಿ ಮುಗಿಸಿದಳು. ಹಳದಿ ಪೆನ್ನು ಒಂದೇ ಪಟ್ಟೆ ಕೊಟ್ಟಿತು. “ಇದು ಶುದ್ಧ” ಎಂದಳು. ಒಂದು ಗಳಿಗೆ ಯೋಚಿಸಿ, ತಾನೇ ತಿದ್ದಿಕೊಂಡಳು: “ಅಲ್ಲ, ಇದರಲ್ಲಿ ನೀರೂ ಇದೆಯಲ್ಲ. ಬಣ್ಣ ಮಾತ್ರ ಒಂದೇ ಇರಬಹುದು.”

ಪೂರ್ತಿ ಶುದ್ಧ ಎನ್ನುವುದು ಎಲ್ಲಾದರೂ ಇದೆಯೇ ಎಂದು ಆಮೇಲೆ ಕೇಳಿದಳು. ನೂರಕ್ಕೆ ನೂರು ಎಲ್ಲೂ ಇಲ್ಲ ಎಂದೆ. ಎಷ್ಟು ಸಾಕು ಎನ್ನುವುದು ಕೆಲಸದ ಮೇಲೆ ನಿಂತಿದೆ. ಚಿನ್ನದ ಗಟ್ಟಿಗೆ 99.9 ಎಂದರೆ ಒಳ್ಳೆಯ ಮಾಲು. ಮೊಬೈಲಿನ ಚಿಪ್ಪಿಗೆ ಬೇಕಾದ ಸಿಲಿಕಾನ್ 99.9999999, ಒಟ್ಟು ಒಂಬತ್ತು ಒಂಬತ್ತುಗಳು. ಅಷ್ಟು ಕಷ್ಟಪಟ್ಟು ಅಪ್ಪಟ ಮಾಡಿದ ಮೇಲೆ ಅದಕ್ಕೆ ಲೆಕ್ಕ ಹಾಕಿ ಚೂರೇ ಚೂರು ಬೋರಾನ್, ರಂಜಕ ಬೆರೆಸುತ್ತಾರೆ. ಬೆರೆಸದಿದ್ದರೆ ಅದು ಚಿಪ್ಪಿನ ಕೆಲಸ ಮಾಡುವುದಿಲ್ಲ.

ಅವಳು ಎದ್ದುಹೋಗಿ ಬ್ಯಾಟರಿ ನೀರಿನ ಕ್ಯಾನಿನ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದಳು. ಬೇಗ ಮುಚ್ಚು ಎಂದೆ. ಮುಚ್ಚಳ ತೆರೆದಿದ್ದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ನೀರಿಗೆ ಇಳಿಯಲು ಶುರುವಾಗುತ್ತದೆ. 7 ಇರಬೇಕಾದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ನಿಧಾನವಾಗಿ 5.6ರ ಕಡೆಗೆ ಜಾರುತ್ತದೆ. ಯಾರೂ ಏನೂ ಸೇರಿಸದಿದ್ದರೂ ಅದು ಆಗಲೇ ಮಿಶ್ರಣ.